ಮಗನ ಆಸ್ತಿಯಲ್ಲಿ ಅಮ್ಮನಿಗೆಷ್ಟು, ಅಪ್ಪನಿಗೆಷ್ಟು?

ಹಿಂದೂ ಉತ್ತರಾಧಿಕಾರ ಕಾಯ್ದೆ, 1956 ಓದುವಾಗ ತುಂಬಾ ಜನ ಎಡವುವುದು ಇಲ್ಲೇ. ಅಪ್ಪ ಅಮ್ಮ ಅಂತ ಒಟ್ಟಿಗೇ ಹೇಳಿ ಅಭ್ಯಾಸ ಅಲ್ವಾ, ಪಾಲೂ ಇಬ್ಬರಿಗೂ ಸಮ ಅಂದುಕೊಂಡು ಉತ್ತರ ಬರೆದುಬಿಡುತ್ತಾರೆ.

ಮಗ ಉಯಿಲು ಬರೆಯದೆ ತೀರಿಹೋದರೆ ಸೆಕ್ಷನ್ 8ರ ಪ್ರಕಾರ ಆಸ್ತಿ ಮೊದಲು ಕ್ಲಾಸ್ 1 ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಮಕ್ಕಳು, ತಾಯಿ ಎಲ್ಲ ಅಲ್ಲಿದ್ದಾರೆ. ತಂದೆ ಕ್ಲಾಸ್ 2ರ ಮೊದಲ ಸಾಲಿನಲ್ಲಿ. ಕ್ಲಾಸ್ 1ರಲ್ಲಿ ಒಬ್ಬರಿದ್ದರೂ ಸಾಕು, ತಂದೆಗೆ ಚಿಕ್ಕಾಸೂ ಬರುವುದಿಲ್ಲ. ಮದುವೆಯಾಗದ, ಮಕ್ಕಳಿಲ್ಲದ ಮಗ ಹೋದರೆ ಪೂರ್ತಿ ತಾಯಿಗೆ. ತಾಯಿಯೂ ಇಲ್ಲದಿದ್ದರೆ ಆಗ ತಂದೆಗೆ.

ಲೆಕ್ಕ ಹಾಕಿ ನೋಡೋಣ. ಕುಂಬಳೆ ಕಡೆಯ ಒಬ್ಬರು, ಸ್ವಂತ ದುಡಿಮೆಯಲ್ಲಿ ಕೊಂಡ ಅಡಿಕೆ ತೋಟ, ಬೆಲೆ 12 ಲಕ್ಷ ಅಂತ ಇಟ್ಟುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ಅಪ್ಪ, ಒಬ್ಬಳು ತಂಗಿ ಇದ್ದಾರೆ. ಸೆಕ್ಷನ್ 10ರಂತೆ ಹೆಂಡತಿ, ಮಕ್ಕಳು, ಅಮ್ಮ ಈ ನಾಲ್ವರಿಗೆ ತಲಾ 3 ಲಕ್ಷ. ಅಪ್ಪನಿಗೂ ತಂಗಿಗೂ ಸೊನ್ನೆ.

ಇಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಅಮ್ಮನಿಗೆ ಬಂದ 3 ಲಕ್ಷ ಸೆಕ್ಷನ್ 14ರ ಪ್ರಕಾರ ಪೂರ್ತಿ ಅವರದ್ದೇ, ಯಾರಿಗೆ ಬೇಕಾದರೂ ಬರೆದುಕೊಡಬಹುದು. ಏನೂ ಬರೆಯದೆ ಅವರು ತೀರಿಕೊಂಡರೆ ಸೆಕ್ಷನ್ 15 ಬರುತ್ತದೆ, ಅಲ್ಲಿ ಮಕ್ಕಳ ಜೊತೆ ಗಂಡನೂ ಮೊದಲ ಸಾಲಿನಲ್ಲೇ ಇದ್ದಾನೆ. ಆಗ ಅಪ್ಪನಿಗೆ 1 ಲಕ್ಷ, ತಂಗಿಗೆ 1 ಲಕ್ಷ, ಮೊದಲೇ ತೀರಿಹೋದ ಮಗನ ಪಾಲಿನ 1 ಲಕ್ಷ ಅವನ ಇಬ್ಬರು ಮಕ್ಕಳಿಗೆ ಅರ್ಧರ್ಧ. ಸೊಸೆಗೆ ಇದರಲ್ಲಿ ಪಾಲಿಲ್ಲ. ಮಗನ ಆಸ್ತಿ ಅಪ್ಪನ ಕೈಗೆ ಬರುವುದಾದರೆ ಹೀಗೆ ಸುತ್ತಿ ಬಳಸಿ, ಗಂಡ ಎಂಬ ಲೆಕ್ಕದಲ್ಲಿ!

ಈಗ ನಮ್ಮ ಕಾಸರಗೋಡು, ಮಂಜೇಶ್ವರದವರು ಕೇಳುವ ಪ್ರಶ್ನೆ: ನಮ್ಮದು ಅಳಿಯಕಟ್ಟು (ತಾಯಿಯ ಕಡೆಯಿಂದ ವಂಶ, ಆಸ್ತಿ ಲೆಕ್ಕ ಹಾಕುವ ಪದ್ಧತಿ, ಅಳಿಯಸಂತಾನ ಅಂತಲೂ ಹೇಳುತ್ತಾರೆ), ನಮಗೂ ಇದೇನಾ? ಸೆಕ್ಷನ್ 17 ಓದಿ. ಗಂಡಸಿನ ಆಸ್ತಿಯ ಮಟ್ಟಿಗೆ ಕ್ಲಾಸ್ 1, ಕ್ಲಾಸ್ 2 ಹಾಗೇ ಇದೆ, ಆದ್ದರಿಂದ ಮೊದಲ ಹಂತದಲ್ಲಿ ವ್ಯತ್ಯಾಸವಿಲ್ಲ. ಬದಲಾಗುವುದು ಎರಡನೇ ಹಂತ. ಅಳಿಯಸಂತಾನ ಅಥವಾ ಅದೇ ಬಗೆಯ ಮಲಯಾಳಿ ಪದ್ಧತಿಯಾದ ಮರುಮಕ್ಕತ್ತಾಯಕ್ಕೆ ಸೇರಿದ ಹೆಂಗಸಿನ ಆಸ್ತಿ ಮೊದಲು ಅವಳ ಮಕ್ಕಳಿಗೆ ಮತ್ತು ಅವಳ ತಾಯಿಗೆ. ಗಂಡ ಎರಡನೇ ಸಾಲಿಗೆ ಇಳಿದಿದ್ದಾನೆ. ಅಮ್ಮನ ತಾಯಿ ಬದುಕಿಲ್ಲ ಅಂದುಕೊಂಡರೆ ಅದೇ 3 ಲಕ್ಷದಲ್ಲಿ ತಂಗಿಗೆ ಒಂದೂವರೆ ಲಕ್ಷ, ಮೊಮ್ಮಕ್ಕಳಿಗೆ ತಲಾ 75 ಸಾವಿರ, ಅಪ್ಪನಿಗೆ ಮತ್ತೆ ಸೊನ್ನೆ. ಪಾಪ, ಎರಡು ಸಲವೂ ಹೊರಗೆ. 1976ರಲ್ಲಿ ಕೇರಳದಲ್ಲಿ ಕೂಡುಕುಟುಂಬ ರದ್ದಾದ ಮೇಲೆ ಈ ಸೆಕ್ಷನ್ ಬಗ್ಗೆ ಕೋರ್ಟಿನಲ್ಲಿ ವಾದಗಳಾಗಿವೆ, ಹಾಗಾಗಿ ಮನೆಯ ವ್ಯವಹಾರವಾದರೆ ಸುಮ್ನೆ ನೋಟ್ಸ್ ನಂಬಬೇಡಿ, ವಕೀಲರನ್ನು ಕೇಳಿ.

ಇನ್ನು ಚಿಲ್ಲರೆ ವಿಷಯ. ದತ್ತು ತಾಯಿ ಕ್ಲಾಸ್ 1ರಲ್ಲಿ ಬರುತ್ತಾರೆ. ಮಲತಾಯಿ ಬರುವುದಿಲ್ಲ, ತಂದೆಯ ವಿಧವೆ ಎಂದು ಕ್ಲಾಸ್ 2ರಲ್ಲಿ ಕೆಳಗೆಲ್ಲೋ ಇದ್ದಾರೆ. ತಾಯಿ ಮರುಮದುವೆಯಾಗಿದ್ದರೂ ಮಗನ ಆಸ್ತಿಯ ಹಕ್ಕು ಹೋಗುವುದಿಲ್ಲ.

ಬ್ಯಾಂಕ್ ಠೇವಣಿಗೆ ಅಪ್ಪ ನಾಮಿನಿ ಆಗಿದ್ದರೆ? ದುಡ್ಡು ಅವರ ಕೈಗೆ ಬರುತ್ತದೆ, ನಿಜ. ಆದರೆ ನಾಮಿನಿ ಮಾಲೀಕನಲ್ಲ ಎಂದು 2010ರ ರಾಮ್ ಚಂದರ್ ತಲ್ವಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೊಸೆಯೂ ಮೊಮ್ಮಕ್ಕಳೂ ತಮ್ಮ ಪಾಲು ಕೇಳಿದರೆ ಅವರು ಕೊಡಲೇಬೇಕು.