ಡಾಂಟೆಯ ಕೂದಲು, ಅಭಿಮಾನಿಯ ಬೆರಳು

2010ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಗೇಮ್ ಶೋ ವೇದಿಕೆಯಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಒಂದು ಪುಟ್ಟ ಟ್ರೇಲರ್ ತೋರಿಸಿತು. ಬಡಕಲು ಮೈಯ, ಗಿಡ್ಡ ಕಪ್ಪು ಕೂದಲಿನ ಯುವಕನೊಬ್ಬ ಅದರಲ್ಲಿದ್ದ. ಅವನ ಹೆಸರು ಡಾಂಟೆ ಎಂದು ತಿಳಿದ ಕ್ಷಣದಿಂದ ‘ಡೆವಿಲ್ ಮೇ ಕ್ರೈ’ ಎಂಬ ವಿಡಿಯೋ ಗೇಮ್ ಸರಣಿಯ ಅಭಿಮಾನಿಗಳ ಲೋಕಕ್ಕೆ ಬೆಂಕಿ ಬಿದ್ದಂತಾಯಿತು. ಅವರು ಒಂಬತ್ತು ವರ್ಷಗಳಿಂದ ಬಲ್ಲ ಡಾಂಟೆಗೆ ಬೆಳ್ಳಿಗೂದಲಿತ್ತು, ಉದ್ದನೆಯ ಕೆಂಪು ಕೋಟಿತ್ತು, ಬೆನ್ನಿಗೆ ಆಳೆತ್ತರದ ಖಡ್ಗವಿತ್ತು. ಹೊಸ ಆಟವನ್ನು ಕಟ್ಟುತ್ತಿದ್ದದ್ದು ಕ್ಯಾಪ್‌ಕಾಮ್‌ನ ಸ್ವಂತ ತಂಡವೂ ಆಗಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನ ನಿಂಜಾ ಥಿಯರಿ ಎಂಬ ಸ್ಟುಡಿಯೋಗೆ ಕಥೆ, ಪಾತ್ರ, ನಗರ ಎಲ್ಲವನ್ನೂ ಮೊದಲಿನಿಂದ ಕಟ್ಟುವ ಹೊಣೆ ವಹಿಸಲಾಗಿತ್ತು.

ಆ ಸಿಟ್ಟನ್ನು ಅಂದು ಬಹಳ ಮಂದಿ ಎರಡೇ ಮಾತಿನಲ್ಲಿ ತಳ್ಳಿಹಾಕಿದರು: ಕೂದಲಿನ ಬಣ್ಣಕ್ಕೆ ಇಷ್ಟು ರಂಪವೇ? ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಆ ಕೋಲಾಹಲದೊಳಗೆ ಎರಡು ಬೇರೆ ಬೇರೆ ಕೋಪಗಳು ಕಲಸಿಹೋಗಿದ್ದವು. ಒಂದು ಕಣ್ಣಿನದು, ಇನ್ನೊಂದು ಕೈಯದು. ಮಿದುಳಿನಲ್ಲಿ ಅವು ಹುಟ್ಟುವ ದಾರಿ ಬೇರೆ, ಶಮನವಾಗುವ ದಾರಿಯೂ ಬೇರೆ.

ಮೊದಲು ಸರಣಿಯ ಹುಟ್ಟಿನ ಮಾತು. 2001ರಲ್ಲಿ ಪ್ಲೇಸ್ಟೇಷನ್ 2 ಎಂಬ ಕನ್ಸೋಲ್‌ಗೆ (ಟಿವಿಗೆ ಜೋಡಿಸುವ ಆಟದ ಯಂತ್ರಕ್ಕೆ) ಬಂದ ಮೊದಲ ಆಟ ‘ರೆಸಿಡೆಂಟ್ ಈವಿಲ್’ ಎಂಬ ಭಯಾನಕ ಸರಣಿಯ ನಾಲ್ಕನೆಯ ಭಾಗವಾಗಬೇಕಿತ್ತು. ನಿರ್ದೇಶಕ ಹಿದೆಕಿ ಕಾಮಿಯಾ ಅದನ್ನು ಎಷ್ಟು ವೇಗದ, ಎಷ್ಟು ಠೀವಿಯ ಆಟವಾಗಿ ಬೆಳೆಸಿದರೆಂದರೆ ಹಳೆಯ ಸರಣಿಯ ಅಂಗಿ ಅದಕ್ಕೆ ಹೊಂದದೆ ಹೊಸ ಹೆಸರನ್ನೇ ಇಡಬೇಕಾಯಿತು. ಶತ್ರುವನ್ನು ಖಡ್ಗದಿಂದ ಮೇಲಕ್ಕೆ ಚಿಮ್ಮಿಸಿ, ಗುಂಡಿನ ಮಳೆಯಿಂದ ಗಾಳಿಯಲ್ಲೇ ತೇಲಿಸಿಡುವ ಅದರ ಪ್ರಸಿದ್ಧ ವಿದ್ಯೆಗೆ ಪ್ರೇರಣೆ, ಕ್ಯಾಪ್‌ಕಾಮ್‌ನದೇ ‘ಒನಿಮುಷಾ’ ಆಟದಲ್ಲಿ ಕಾಣಿಸಿಕೊಂಡಿದ್ದ ಒಂದು ದೋಷ. ಶತ್ರುವನ್ನು ಕೊಂದರಷ್ಟೇ ಈ ಆಟದಲ್ಲಿ ಮೆಚ್ಚುಗೆ ಸಿಗದು. ಹೇಗೆ ಕೊಂದಿರಿ ಎಂಬುದಕ್ಕೆ ಅಂಕ. ಒಂದೇ ಹೊಡೆತವನ್ನು ಮತ್ತೆ ಮತ್ತೆ ಬಳಸಿದರೆ ದರ್ಜೆ ಕುಸಿಯುತ್ತದೆ, ಬಗೆಬಗೆಯ ಹೊಡೆತಗಳನ್ನು ತಡೆಯಿಲ್ಲದೆ ಹೆಣೆದರೆ ಮೇಲೇರುತ್ತದೆ. 2005ರ ಮೂರನೆಯ ಭಾಗ ಮತ್ತು 2008ರ ನಾಲ್ಕನೆಯ ಭಾಗವನ್ನು ನಿರ್ದೇಶಿಸಿದ ಹಿದೆಯಾಕಿ ಇತ್ಸುನೋ ಈ ಹೆಣಿಗೆಯನ್ನು ಒಂದು ವಾದ್ಯದ ಸಾಧನೆಯಷ್ಟು ಆಳಕ್ಕೆ ಒಯ್ದರು.

ಈಗ ಕಣ್ಣಿನ ಕೋಪ. ಪರಿಚಯವಿಲ್ಲದ ಮುಖವನ್ನು ಗುರುತು ಹಿಡಿಯುವಾಗ ನಾವು ಕೂದಲು, ಮುಖದ ಹೊರರೇಖೆಗಳ ಮೇಲೆ ಹೆಚ್ಚು ನೆಚ್ಚುತ್ತೇವೆ. ಮುಖ ಚೆನ್ನಾಗಿ ಪರಿಚಯವಾದ ಮೇಲೆ ಕಣ್ಣು, ಮೂಗು, ಬಾಯಿಗಳ ಒಳವಿವರ ಮುಖ್ಯವಾಗುತ್ತದೆ. 1970ರ ದಶಕದಿಂದ ಮನೋವಿಜ್ಞಾನಿಗಳು ಇದನ್ನು ತೋರಿಸುತ್ತ ಬಂದಿದ್ದಾರೆ. ಆದರೆ ಇಂತಹ ಆಟದಲ್ಲಿ ನಾಯಕ ಹೆಚ್ಚಿನ ಹೊತ್ತು ಪರದೆಯ ನಡುವೆ ಅಂಗೈಯಗಲದ ಆಕೃತಿ, ಅದೂ ಬಹುಪಾಲು ಬೆನ್ನು ತಿರುಗಿಸಿಕೊಂಡು. ಮುಖದ ಒಳವಿವರ ಕಾಣುವುದು ನಡುನಡುವಿನ ಕಥಾದೃಶ್ಯಗಳಲ್ಲಿ ಮಾತ್ರ. ಹತ್ತಾರು ಶತ್ರುಗಳು, ಕಿಡಿಗಳು, ಸ್ಫೋಟಗಳ ಗದ್ದಲದಲ್ಲಿ ನಾನೆಲ್ಲಿದ್ದೇನೆ ಎಂದು ಆಟಗಾರನ ಕಣ್ಣಿಗೆ ಸಾರುತ್ತಿದ್ದದ್ದು ಆ ಬಿಳಿಯ ತಲೆ ಮತ್ತು ಕೆಂಪು ಕೋಟು. ಹಾಗಾಗಿ ಡಾಂಟೆಯ ವಿಷಯದಲ್ಲಿ ಕೂದಲೇ ಮುಖ ಎಂದರೆ ತಪ್ಪಾಗದು.

ಇದಕ್ಕೆ ಬಳಕೆಯ ಬಲವೂ ಸೇರಿತ್ತು. ಮತ್ತೆ ಮತ್ತೆ ಕಂಡ ವಸ್ತುವನ್ನು ನಾವು ಬೇರೆ ಕಾರಣವಿಲ್ಲದೆಯೂ ಹೆಚ್ಚು ಇಷ್ಟಪಡುತ್ತೇವೆ ಎಂದು 1968ರಲ್ಲಿ ಮನೋವಿಜ್ಞಾನಿ ರಾಬರ್ಟ್ ಜಾಯಾನ್ಸ್ ತೋರಿಸಿದರು. ಅರ್ಥವಿಲ್ಲದ ಪದಗಳು, ಚೀನೀ ಲಿಪಿಯಂತಹ ಗುರುತುಗಳು, ಅಪರಿಚಿತರ ಭಾವಚಿತ್ರಗಳು ಎಲ್ಲದರಲ್ಲೂ ಫಲಿತಾಂಶ ಒಂದೇ ಬಗೆ. ಒಂಬತ್ತು ವರ್ಷ ನೋಡಿದ ಮುಖಕ್ಕೆ ಎದುರಾಗಿ ಒಂದೇ ಸಲ ಕಂಡ ಮುಖ ಸೋಲುವುದು ಸಹಜ. ಸಮಾಧಾನದ ಸಂಗತಿಯೆಂದರೆ, ಈ ನಿಯಮ ಹೊಸ ಮುಖಕ್ಕೂ ಅನ್ವಯಿಸುತ್ತದೆ. ಕಣ್ಣಿನ ಕೋಪಕ್ಕೆ ಕಾಲವೇ ಮದ್ದು, ಆ ಗಾಯವನ್ನು ಕೆರೆಯದಿದ್ದರೆ. ನಿಂಜಾ ಥಿಯರಿ ಕೆರೆಯಿತು. 2013ರ ಜನವರಿಯಲ್ಲಿ ಬಂದ ಆಟದ ಆರಂಭದಲ್ಲೇ ಡಾಂಟೆಯ ತಲೆಯ ಮೇಲೆ ಬಿಳಿಯ ಕೃತಕ ಕೂದಲನ್ನು ಬೀಳಿಸಿ, ಕನ್ನಡಿ ನೋಡಿಕೊಂಡ ಅವನ ಬಾಯಲ್ಲಿ ಇದು ಎಂದೆಂದಿಗೂ ಆಗದ ಮಾತು ಎಂದು ಹೇಳಿಸಿತು. ಪ್ರೀತಿಯಿಂದ ಬಂದವರನ್ನು ಬಾಗಿಲಲ್ಲೇ ಅಣಕಿಸಿದ ಹಾಗಾಯಿತು. ಈ ದೃಶ್ಯ ಬೇಕಿರಲಿಲ್ಲ ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ಸ್ಟುಡಿಯೋಗೂ ನ್ಯಾಯ ಸಲ್ಲಬೇಕು. ಹಳೆಯ ಡಾಂಟೆಗೆ ಹತ್ತಿರವಾದ ಚಿತ್ರಗಳನ್ನೇ ಅದು ಮೊದಲು ಬರೆದು ಕಳುಹಿಸಿತ್ತು. ಅಷ್ಟು ಸಾಲದು, ಪೂರ್ತಿ ಬೇರೆಯಾಗಲಿ ಎಂದು ಒತ್ತಾಯಿಸಿದ್ದು ಕ್ಯಾಪ್‌ಕಾಮ್. ಇತ್ಸುನೋ ಅವರೇ ಈ ಹೊಸ ಆಟದ ಮೇಲ್ವಿಚಾರಣೆಯನ್ನೂ ವಹಿಸಿದ್ದರು. ಬೈಗುಳ ಮಾತ್ರ ಕೇಂಬ್ರಿಜ್‌ಗೆ ಹೋಯಿತು. ಗುಂಪಿನ ಮನಸ್ಸಿಗೆ ಹೊರಗಿನವನೊಬ್ಬ ಸಿಕ್ಕಿದರೆ ಮನೆಯವರ ತಪ್ಪು ಕಾಣುವುದಿಲ್ಲ.

ಕೈಯ ಕೋಪ ಇದಕ್ಕಿಂತ ಗಹನವಾದದ್ದು. ಅದನ್ನು ತಿಳಿಯಲು ನಾಲ್ಕನೆಯ ಭಾಗದ ಒಂದು ಖಡ್ಗವನ್ನು ಹತ್ತಿರದಿಂದ ನೋಡಬೇಕು. ನೀರೋ ಎಂಬ ಯುವಕನ ‘ರೆಡ್ ಕ್ವೀನ್’ ಖಡ್ಗದ ಹಿಡಿಯಲ್ಲಿ ಮೋಟಾರ್ ಬೈಕಿನಂತೆ ತಿರುಚುವ ಥ್ರಾಟಲ್ ಇದೆ. ಎಡಗೈ ತೋರುಬೆರಳಿನ ಗುಂಡಿಯೊತ್ತಿ ಅದನ್ನು ಕೆರಳಿಸಿದರೆ ಮುಂದಿನ ಹೊಡೆತ ಬೆಂಕಿಯುಗುಳುತ್ತದೆ. ನಿಂತು ಕೆರಳಿಸಲು ಸಮಯ ಬೇಕು, ಅಷ್ಟರಲ್ಲಿ ಶತ್ರು ಮೇಲೆ ಬೀಳುತ್ತಾನೆ. ಪಳಗಿದವರು ಖಡ್ಗ ಬೀಸಿದ ಆ ಘಳಿಗೆಯಲ್ಲೇ, ಪರದೆಯ ಒಂದೆರಡು ಚಿತ್ರಗಳಷ್ಟು, ಅಂದರೆ ಒಂದೆರಡು ಫ್ರೇಮ್‌ಗಳಷ್ಟು ಕಿರಿದಾದ ಸಂದಿಯಲ್ಲಿ ಗುಂಡಿ ಒತ್ತುತ್ತಾರೆ. ಥ್ರಾಟಲ್ ಒಮ್ಮೆಗೇ ತುಂಬಿಕೊಳ್ಳುತ್ತದೆ. ಬಲಗೈ ಹೆಬ್ಬೆರಳು ಹೊಡೆಯುತ್ತದೆ, ಎಡಗೈ ತೋರುಬೆರಳು ಅದರ ಬೆನ್ನಿಗೇ ಬೀಳುತ್ತದೆ, ಮತ್ತೆ ಹೊಡೆತ, ಮತ್ತೆ ಬೆರಳು. ಹೊಡೆತಕ್ಕೊಂದು ಲಯ, ಲಯಕ್ಕೊಂದು ತಪ್ಪದ ತಾಳ.

ಲೆಕ್ಕ ನೋಡಿ. ಸೆಕೆಂಡಿಗೆ 60 ಫ್ರೇಮ್ ಮೂಡಿಸುವ ಆಟದಲ್ಲಿ ಒಂದು ಫ್ರೇಮಿನ ಆಯುಷ್ಯ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಬೆಳಕು ಬಿದ್ದು ಬೆರಳು ಗುಂಡಿ ಒತ್ತುವುದಕ್ಕೆ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಅಂದರೆ ಪರದೆಯ ಮೇಲೆ ಕಂಡದ್ದಕ್ಕೆ ಪ್ರತಿಕ್ರಿಯಿಸಿ ಆ ಸಂದಿಯನ್ನು ಹಿಡಿಯುವುದು ಅಸಾಧ್ಯ. ಕೈ ಮುಂಚಿತವಾಗಿ ಹೊರಡಬೇಕು. ಯಾವಾಗ ಹೊರಡಬೇಕೆಂಬ ಅಂದಾಜನ್ನು ಕಲಿತಿಡುವ ಕೆಲಸದಲ್ಲಿ ಮಿದುಳಿನ ಹಿಂಬದಿಯ ಕೆಳಗಿರುವ ಸೆರೆಬೆಲ್ಲಮ್‌ಗೆ ದೊಡ್ಡ ಪಾಲಿದೆ. ನಾನು ಹೀಗೆ ಮಾಡಿದರೆ ಇಷ್ಟು ಹೊತ್ತಿಗೆ ಹೀಗಾಗುತ್ತದೆ ಎಂಬ ಮುನ್ಸೂಚನೆಯನ್ನು ಅದು ಸಿದ್ಧಪಡಿಸುತ್ತದೆ, ನಡೆದದ್ದರ ಜೊತೆ ಹೋಲಿಸುತ್ತದೆ, ವ್ಯತ್ಯಾಸವಿದ್ದರೆ ತಿದ್ದಿಕೊಳ್ಳುತ್ತದೆ. ಸಾವಿರಾರು ಸಲ ತಿದ್ದಿಕೊಂಡ ಮೇಲೆ ಆ ಜ್ಞಾನ ಮಾತಿಗೆ ಸಿಗುವುದಿಲ್ಲ. ಕಾಂಬೋ (ಹೊಡೆತಗಳ ಹೆಣಿಗೆ) ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಆಟಗಾರ ಹೇಳಲು ತಡವರಿಸುತ್ತಾನೆ. ಕೈಗೆ ಕಂಟ್ರೋಲರ್ ಕೊಟ್ಟರೆ ಮಾಡಿ ತೋರಿಸುತ್ತಾನೆ. ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ, ಎಚ್.ಎಂ. ಎಂದೇ ವೈದ್ಯಲೋಕಕ್ಕೆ ಪರಿಚಿತನಾದ ರೋಗಿಯೊಬ್ಬನು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತದ್ದನ್ನು ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕಂಡುಕೊಂಡಿದ್ದರು. ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಅವನಿಗೆ ನೆನಪಿರುತ್ತಿರಲಿಲ್ಲ. ಕೈಯ ನೆನಪಿಗೆ ಮಿದುಳಿನಲ್ಲಿ ಪ್ರತ್ಯೇಕ ಮನೆಯಿದೆ.

ಹೊಸ ಆಟ ಕನ್ಸೋಲ್‌ಗಳಲ್ಲಿ ಸೆಕೆಂಡಿಗೆ 30 ಫ್ರೇಮಿಗೆ ಇಳಿಯಿತು. ಫ್ರೇಮಿನ ಆಯುಷ್ಯ 33.3 ಮಿಲಿಸೆಕೆಂಡಿಗೆ ಏರಿತು. ಗುಂಡಿಯ ಆಜ್ಞೆ ಚಿತ್ರವಾಗಿ ಮೂಡಲು ಸಾಮಾನ್ಯವಾಗಿ ಹಲವು ಫ್ರೇಮ್ ಹಿಡಿಯುವುದರಿಂದ ತಡವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. 30 ಇದ್ದರೂ 60ರ ಅನುಭವ ಬರುವಂತೆ ನೋಡಿಕೊಳ್ಳುತ್ತೇವೆ ಎಂಬ ಭರವಸೆ ತಯಾರಕರಿಂದ ಬಂದಿತ್ತು. ಪ್ರೇಕ್ಷಕನ ಕಣ್ಣಿಗೆ ಅದು ಸಾಕಾಗಬಹುದು, ಆದರೆ 60ರ ತಾಳಕ್ಕೆ ಪಳಗಿದ ಬೆರಳು ಮೋಸ ಹೋಗುವುದಿಲ್ಲ.

ಮಿದುಳು ಇಂತಹ ತಡಕ್ಕೆ ಎಷ್ಟು ಸೂಕ್ಷ್ಮವಾಗಿ ಹೊಂದಿಕೊಳ್ಳುತ್ತದೆ ಎನ್ನುವುದಕ್ಕೆ 2006ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬೇಕು. ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಗುಂಡಿ ಒತ್ತಿದ ಮೇಲೆ ಸ್ವಲ್ಪ ತಡವಾಗಿ ಬೆಳಕು ಮಿಂಚುವಂತೆ ಏರ್ಪಾಡು ಮಾಡಿ, ಭಾಗವಹಿಸಿದವರಿಗೆ ಅದನ್ನು ರೂಢಿ ಮಾಡಿಸಿದರು. ರೂಢಿಯಾದ ಮೇಲೆ ತಡವನ್ನು ತೆಗೆದುಹಾಕಿದರು. ಆಗ ಹಲವು ಸಲ ಜನರಿಗೆ ಅನ್ನಿಸಿದ್ದು: ನಾನು ಗುಂಡಿ ಒತ್ತುವ ಮೊದಲೇ ಬೆಳಕು ಮಿಂಚಿತು! ಮಿದುಳು ತಡವನ್ನು ಲೆಕ್ಕಕ್ಕೆ ಹಿಡಿದು, ಕ್ರಿಯೆಯನ್ನೂ ಫಲವನ್ನೂ ಹತ್ತಿರಕ್ಕೆ ಎಳೆದು ಕೂಡಿಸಿಟ್ಟಿತ್ತು. ತಡ ಮಾಯವಾದಾಗ ಕಾರಣಕ್ಕಿಂತ ಕಾರ್ಯವೇ ಮುಂದಾಗಿಬಿಟ್ಟಿತು. ಅಷ್ಟು ಚಿಕ್ಕ ಅಭ್ಯಾಸ ಇಷ್ಟು ಮಾಡಬಲ್ಲದಾದರೆ, ವರ್ಷಗಟ್ಟಲೆ ಒಂದೇ ತಡದೊಂದಿಗೆ ಬಾಳಿದ ಕೈಗೆ ತಡ ಬದಲಾದಾಗ ಏನಾಗಬೇಡ? ಆಟ ಜಡವಾಗಿದೆ, ಡಾಂಟೆ ನನ್ನ ಮಾತು ಕೇಳುತ್ತಿಲ್ಲ ಎಂದು ಹಳಬರು ದೂರಿದ್ದು ಅವರ ನರಮಂಡಲದ ನಿಜವಾದ ವರದಿ ಎಂದೇ ನಾನು ಓದುತ್ತೇನೆ.

ಫ್ರೇಮಿನ ಜೊತೆ ಬೇರೆ ಬದಲಾವಣೆಗಳೂ ಇದ್ದವು. ಒಂದು ಗುಂಡಿಯನ್ನು ಹಿಡಿದು ಬೇಕಾದ ಶತ್ರುವಿನ ಮೇಲೆ ಗುರಿ ಕಟ್ಟಿಡುವ ಲಾಕ್-ಆನ್ ಕಾಣೆಯಾಗಿತ್ತು. ಕೆಲವು ಶತ್ರುಗಳಿಗೆ ನೀಲಿ ಬಣ್ಣದ ದೇವಾಯುಧ ಮಾತ್ರ ತಾಗುತ್ತಿತ್ತು, ಕೆಲವಕ್ಕೆ ಕೆಂಪು ಬಣ್ಣದ ದೈತ್ಯಾಯುಧ ಮಾತ್ರ. ಮನಬಂದಂತೆ ಹೆಣೆಯುವ ಸ್ವಾತಂತ್ರ್ಯಕ್ಕೆ ಅಲ್ಲಿ ಕತ್ತರಿ ಬಿತ್ತು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ದರ್ಜೆಯ ವಿಷಯ. ಮೊದಲು ಬೆವರು ಸುರಿಸಿದರೆ ಮಾತ್ರ ದಕ್ಕುತ್ತಿದ್ದ ಮೂರು ‘ಎಸ್’ಗಳ ಅತ್ಯುನ್ನತ ದರ್ಜೆ ಈಗ ಸುಲಭವಾಗಿ ಬಂದು ಬೀಳುತ್ತಿತ್ತು. ಹೊರಗಿನವರು ಕೇಳಬಹುದು, ಸುಲಭವಾಗಿ ಸಿಕ್ಕಿದರೆ ಸಂತೋಷ ತಾನೇ? 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಆಲಿಸಿ ಕಂಡುಕೊಂಡ ಸತ್ಯದಲ್ಲಿ ಇದಕ್ಕೆ ಉತ್ತರವಿದೆ. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಚುರುಕಾಗಿ ಮಿಡಿದವು. ರಸ ಬರುವುದು ಖಚಿತವೆಂದು ಕಲಿತ ಮೇಲೆ ರಸಕ್ಕೆ ಅವು ಮಿಡಿಯಲೇ ಇಲ್ಲ. ಬರಬೇಕಾದದ್ದು ಬಾರದಿದ್ದರೆ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. ಬಹುಮಾನಕ್ಕಿಂತ ಹೆಚ್ಚಾಗಿ, ಎಣಿಕೆಗೂ ಫಲಕ್ಕೂ ನಡುವಿನ ಅಂತರವನ್ನು ಆ ಕೋಶಗಳು ಅಳೆಯುತ್ತವೆ. ತಪ್ಪಬಹುದಾಗಿದ್ದ ಸಂದಿಯನ್ನು ಹಿಡಿದಾಗ ಸಿಕ್ಕ ಮೂರು ಎಸ್‌ಗಳ ರೋಮಾಂಚ, ಸುಮ್ಮನೆ ಬಂದ ಮೂರು ಎಸ್‌ಗಳಲ್ಲಿ ಇರಲು ಸಾಧ್ಯವಿಲ್ಲ.

ವಿಮರ್ಶಕರು ಹೊಸ ಆಟವನ್ನು ಮೆಚ್ಚಿದರು. ಸರಾಸರಿ ಅಂಕ ನೂರಕ್ಕೆ ಎಂಬತ್ತರ ಮೇಲಿತ್ತು. ಆಟಗಾರರು ಕೊಟ್ಟ ಅಂಕ ಅದಕ್ಕಿಂತ ಬಹಳ ಕೆಳಗಿತ್ತು. ವಿಮರ್ಶಕರು ಲಂಚ ತಿಂದಿದ್ದಾರೆ ಎಂದು ಒಂದು ಪಕ್ಷ, ಅಭಿಮಾನಿಗಳು ಮಕ್ಕಳಾಟ ಆಡುತ್ತಿದ್ದಾರೆ ಎಂದು ಇನ್ನೊಂದು ಪಕ್ಷ. ಎರಡೂ ಅನ್ಯಾಯದ ಮಾತು. ಬಾಗಿ ಮುರಿಯುವ ಬೀದಿಗಳ, ಗೋಡೆಗಳ ಮೇಲೆ ಅಕ್ಷರಗಳು ಮೂಡಿ ಗದರಿಸುವ, ಆಟದೊಳಗಿನ ಲಿಂಬೋ ನಗರದ ಸೊಗಸನ್ನು ಕೆಲವು ದಿನ ಆಡಿದ ವಿಮರ್ಶಕ ಸರಿಯಾಗಿಯೇ ಕಂಡ. ಅವನ ಕೈಗೆ ಹಳೆಯ ತಾಳದ ಋಣವಿರಲಿಲ್ಲ. ಇಬ್ಬರ ಮುಂದೆ ಇದ್ದದ್ದು ಒಂದೇ ಡಿಸ್ಕ್, ಇಬ್ಬರ ಮಿದುಳು ಅಳೆದದ್ದು ಬೇರೆ ಬೇರೆ ಅಂತರ.

ಮಾರಾಟ ಮಾತ್ರ ಬಾಡಿತು. 20 ಲಕ್ಷ ಪ್ರತಿಗಳ ನಿರೀಕ್ಷೆಯನ್ನು ಕ್ಯಾಪ್‌ಕಾಮ್ 12 ಲಕ್ಷಕ್ಕೆ ಇಳಿಸಿತು. ಸಿಟ್ಟು ಇಷ್ಟು ಹಬ್ಬಲು ಕಾರಣವೂ ಅಧ್ಯಯನದಲ್ಲಿದೆ: ಟ್ವಿಟರ್ ಸಂದೇಶವೊಂದಕ್ಕೆ ನೈತಿಕ ಆವೇಶದ ಪದ ಒಂದೊಂದು ಸೇರಿದಂತೆ ಅದರ ಹರಡುವಿಕೆ ಸುಮಾರು 20 ಪ್ರತಿಶತ ಹೆಚ್ಚುತ್ತದೆ ಎಂದು ವಿಲಿಯಂ ಬ್ರೇಡಿ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಅವರು ಅಧ್ಯಯನ ಮಾಡಿದ್ದು ರಾಜಕೀಯದ ಸಂದೇಶಗಳನ್ನು, ಆದರೆ ಅಭಿಮಾನದ ಲೋಕ ಬಹಳ ಭಿನ್ನವೆಂದು ನನಗೆ ಅನ್ನಿಸುವುದಿಲ್ಲ. ‘ಲಾಕ್-ಆನ್ ಬೇಕು’ ಎಂಬ ತಣ್ಣನೆಯ ವಾಕ್ಯ ಕುಳಿತಲ್ಲೇ ಕುಳಿತಿರುತ್ತದೆ, ‘ಡಾಂಟೆಗೆ ದ್ರೋಹ’ ಎಂಬುದು ಊರೆಲ್ಲ ಸುತ್ತುತ್ತದೆ. ಹೀಗೆ ಕಣ್ಣಿನ ಕೋಪ ದೊಡ್ಡ ದನಿಯಾಗಿ, ಕೈಯ ಕೋಪ ಅದರಡಿ ಹೂತುಹೋಯಿತು. ಆಟ ಕಟ್ಟಿದವರ ಮೇಲಿನ ವೈಯಕ್ತಿಕ ನಿಂದನೆಗೆ ಯಾವ ನರವಿಜ್ಞಾನವೂ ಸಮರ್ಥನೆಯಾಗದು. ಅದು ಕೈಯವರ ನ್ಯಾಯವಾದ ದೂರನ್ನೂ ಕೆಡಿಸಿತು.

ಆದರೂ ಯಾರೋ ಆ ದೂರನ್ನು ಬಿಡಿಸಿ ಓದಿದರು. 2015ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂದ ಪರಿಷ್ಕೃತ ಆವೃತ್ತಿಯಲ್ಲಿ 60 ಫ್ರೇಮ್ ಮರಳಿತು. ಲಾಕ್-ಆನ್ ಮರಳಿತು. ಬಣ್ಣದ ಕಟ್ಟು ಸಡಿಲವಾಯಿತು. ದರ್ಜೆ ಏರುವುದು ಕಷ್ಟವಾಯಿತು, ಆಟವನ್ನು 20 ಪ್ರತಿಶತ ವೇಗವಾಗಿಸುವ ಟರ್ಬೋ ಆಯ್ಕೆಯೂ ಬಂತು. ಡಾಂಟೆಯ ಕೂದಲು ಕಪ್ಪಾಗಿಯೇ ಉಳಿಯಿತು. ಹಳಬರಲ್ಲಿ ಹಲವರು ಈ ಆವೃತ್ತಿಯನ್ನು ಮೆಚ್ಚಿಕೊಂಡರು. ತಂಡ ತಿದ್ದಿದ್ದು ಬೆರಳಿಗೆ ಸಂಬಂಧಿಸಿದ್ದನ್ನು ಎಂಬುದನ್ನು ಗಮನಿಸಿ.

ಕ್ಯಾಪ್‌ಕಾಮ್ ಹಳೆಯ ಡಾಂಟೆಯನ್ನು 2019ರ ಮಾರ್ಚ್‌ನಲ್ಲಿ ಐದನೆಯ ಭಾಗದೊಂದಿಗೆ ಮರಳಿ ತಂದಿತು, ಇತ್ಸುನೋ ನಿರ್ದೇಶನದಲ್ಲಿ. ಎರಡೇ ವಾರಗಳಲ್ಲಿ 20 ಲಕ್ಷ ಪ್ರತಿಗಳು ಹೊರಬಿದ್ದವು. ನಿಂಜಾ ಥಿಯರಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನರವಿಜ್ಞಾನಿ ಪಾಲ್ ಫ್ಲೆಚರ್ ಅವರ ನೆರವಿನೊಂದಿಗೆ, ವಾಸ್ತವದ ಅರಿವು ತಪ್ಪುವ ಸೈಕೋಸಿಸ್‌ನಿಂದ ನರಳುವ ಯೋಧೆಯ ಕಥೆ ಹೇಳುವ ‘ಹೆಲ್‌ಬ್ಲೇಡ್’ ಆಟವನ್ನು 2017ರಲ್ಲಿ ಹೊರತಂದು ದೊಡ್ಡ ಗೌರವ ಗಳಿಸಿತು. ಈ ನಡುವೆ 2013ರ ಆಟದಿಂದಲೇ ಸರಣಿಗೆ ಕಾಲಿಟ್ಟ ಒಂದು ಪೀಳಿಗೆ ಬೆಳೆದಿದೆ. ಅವರ ಕಣ್ಣಿಗೆ ಡಾಂಟೆ ಎಂದರೆ ಕಪ್ಪು ಕೂದಲಿನವನು, ಅವರ ಬೆರಳಿಗೆ ತಾಳ ಎಂದರೆ ಆ ಆಟದ ತಾಳ. ಆ ಕಥೆಯ ಮುಂದಿನ ಭಾಗ ಯಾವಾಗ ಎಂದು ಈಗ ಅವರು ಕೇಳುತ್ತಿದ್ದಾರೆ.