"ಬೇಕಂತಲೇ ಮಾಡ್ತಾನೆ" ಅಂತ ಬರೆಯುವ ಮುಂಚೆ

ಬೌದ್ಧಿಕ ಅಸಾಮರ್ಥ್ಯ ಇರುವವರ ಆರೈಕೆ ಕೇಂದ್ರಗಳಿಗೆ ಹೋದಾಗ ನಾನು ಮೊದಲು ಕೇಳುವುದು ಶಿಫ್ಟ್ ಪುಸ್ತಕ, ಅಂದರೆ ಪ್ರತಿ ಪಾಳಿಯ ಸಿಬ್ಬಂದಿ ಅವತ್ತು ನಡೆದದ್ದನ್ನು ಬರೆದಿಡುವ ಪುಸ್ತಕ. "ಇವತ್ತೂ ಬೇಕಂತಲೇ ಗಲಾಟೆ ಮಾಡಿದ" ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಬರೆದವರೇನೂ ಕೆಟ್ಟವರಲ್ಲ. ದಿನವಿಡೀ ನಿಂತು, ಕೈ ಕಚ್ಚಿಸಿಕೊಂಡು, ಮನೆಗೆ ಹೊರಡುವ ಗಡಿಬಿಡಿಯಲ್ಲಿ ಬರೆದದ್ದು. ಆದರೆ ಆ "ಬೇಕಂತಲೇ" ಇದೆಯಲ್ಲ, ಅದು ಮುಂದಿನ ಶಿಫ್ಟಿನವರನ್ನೂ ಕೆಡಿಸುತ್ತದೆ. ಗಲಾಟೆ ಅವನ ಹತೋಟಿಯಲ್ಲೇ ಇತ್ತು ಅನ್ನಿಸಿದರೆ ನಮಗೆ ಸಿಟ್ಟು, ಅವನ ಕೈಮೀರಿದ್ದು ಅನ್ನಿಸಿದರೆ ಕನಿಕರ. ಮನೋವಿಜ್ಞಾನಿ ಬರ್ನಾರ್ಡ್ ವೈನರ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಮಾತು ಬಾರದ ಒಬ್ಬ ಹುಡುಗ ಊಟಕ್ಕೆ ಕೂತರೆ ಕೆನ್ನೆಗೆ ಹೊಡೆದುಕೊಂಡು ತಟ್ಟೆ ಎಸೆಯುತ್ತಿದ್ದ. ಹಠ ಅಂತ ಎಲ್ಲರ ತೀರ್ಪು. ಎರಡು ವಾರ ಮೂರೇ ವಿಷಯ ಬರೆಯಿರಿ ಅಂದೆ: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಹೊಡೆದುಕೊಳ್ಳುವುದು ಎಡಗೆನ್ನೆಗೆ ಮಾತ್ರ, ಅದೂ ಗಟ್ಟಿಯಾದದ್ದು ಅಗಿಯುವಾಗ! ದವಡೆ ಹಲ್ಲು ಹುಳುಕಾಗಿ ಕೀವು ಕಟ್ಟಿತ್ತು. ನೋವು ಅಂತ ಹೇಳಲು ಬಾರದವರಲ್ಲಿ ಹಲ್ಲು, ಕಿವಿ, ಮಲಬದ್ಧತೆ ಇವನ್ನು ಮೊದಲೇ ನೋಡಿಬಿಡಬೇಕು.

ಹಲ್ಲು ಕಿತ್ತ ಮೇಲೂ ತಟ್ಟೆ ಹಾರುತ್ತಲೇ ಇತ್ತು. ನೋಡಿ, ಸುಮ್ನೆ ಹಠ ಅಲ್ವಾ ಅಂದರು. ಮತ್ತೆ ಪುಸ್ತಕ ತೆಗೆದೆವು, ಈ ಸಲ ಮೂರನೇ ವಿಷಯ. ಎಸೆದಾಗಲೆಲ್ಲ ಗದ್ದಲದ ಊಟದ ಮನೆಯಿಂದ ಅವನನ್ನು ಎಬ್ಬಿಸಿ ಕೋಣೆಗೆ ಕಳಿಸುತ್ತಿದ್ದರು. ಅವನಿಗೆ ಬೇಕಾಗಿದ್ದೂ ಅದೇ. ಕಳಿಸಿದ ಕೂಡಲೇ ರಂಪ ನಿಲ್ಲುತ್ತಿತ್ತು, ನಮಗೂ ಹಾಯೆನಿಸುತ್ತಿತ್ತು, ಹಾಗಾಗಿ ಮರುದಿನ ಇನ್ನೂ ಬೇಗ ಕಳಿಸುತ್ತಿದ್ದೆವು. ಅವನೂ ಕಲಿತ, ನಾವೂ ಕಲಿತೆವು.

ಗದ್ದಲದಿಂದ ಹೊರಬರಲು ತಟ್ಟೆ ಎಸೆಯುವ ಬದಲು, ಅದೇ ಕೆಲಸ ಮಾಡುವ ಇನ್ನೊಂದು ದಾರಿ ಅವನಿಗೆ ಕೊಡಬೇಕು. 1985ರಲ್ಲಿ ಮನೋವಿಜ್ಞಾನಿಗಳಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್, ಕಷ್ಟದ ಪಾಠ ಬಂದಾಗ ರಂಪ ಮಾಡುವ ಮಕ್ಕಳಿಗೆ "ನನಗೆ ಅರ್ಥವಾಗಲಿಲ್ಲ" ಅನ್ನಲು ಕಲಿಸಿದರು, ರಂಪ ಇಳಿಯಿತು. ನಾವು ಇವನಿಗೆ ಅಂಗೈ ಎತ್ತುವುದನ್ನು ಕಲಿಸಿದೆವು. ಎತ್ತಿದರೆ "ಸಾಕು" ಅಂತ ಅರ್ಥ. ಕಷ್ಟ ಇದ್ದದ್ದು ನಮ್ಮ ಕಡೆ, ಎತ್ತಿದ ಕ್ಷಣವೇ ಅವನನ್ನು ಎದ್ದು ಹೋಗಲು ಬಿಡಬೇಕು, "ಇನ್ನೆರಡು ತುತ್ತು ಅಷ್ಟೇ" ಅನ್ನುವ ಹಾಗಿಲ್ಲ.

ಮೊನ್ನೆ ಶಿಫ್ಟ್ ಪುಸ್ತಕದಲ್ಲಿ ಒಬ್ಬರು ಬರೆದಿದ್ದರು: "ಕೈ ಎತ್ತಿದ. ನಾನು ನೋಡಲಿಲ್ಲ. ತಟ್ಟೆ ಎಸೆದ."