ಆರ್‌15ರ ಹಿಂದಿನ ಟಯರ್: ಕಡಿಮೆ ದುಡ್ಡಿಗೆ ಯಾವುದು ಹಾಕಿಸಬಹುದು?

ಪ್ರಶ್ನೆ: ಬದಿಯಡ್ಕದಿಂದ ಮಂಗಳೂರಿಗೆ ದಿನಾ ಯಮಹಾ ಆರ್‌15 ವಿ3ರಲ್ಲಿ ಹೋಗಿ ಬರುತ್ತೇನೆ. ಹಿಂದಿನ ಟಯರಿನ ಗ್ರಿಪ್ ಹೋಗಿದೆ. ಶೋರೂಮಿನಲ್ಲಿ ಹೇಳಿದ ರೇಟು ಜಾಸ್ತಿ ಅನಿಸಿತು. ರೇಡಿಯಲ್ ಬಿಟ್ಟು ಸಾದಾ ಟಯರ್ ಹಾಕಿಸಿದರೆ ತೊಂದರೆ ಇದೆಯೇ? ಗೆಳೆಯರು ‘ಹೇಗೂ ಬದಲಿಸುತ್ತೀಯಲ್ಲ, 150 ಮಿ.ಮೀ. ಅಗಲದ್ದು ಹಾಕಿಸು’ ಅನ್ನುತ್ತಿದ್ದಾರೆ.

ಉತ್ತರ: ರೇಟು ನೋಡುವ ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕೋಣ. ಹೋಗಿ ಬರಲು ಹತ್ತಿರ ಹತ್ತಿರ 100 ಕಿ.ಮೀ. ತಿಂಗಳಲ್ಲಿ 25 ದಿನ ಹಿಡಿದರೂ 2,500 ಕಿ.ಮೀ. ಆಯಿತು. ವಾರಕ್ಕೊಮ್ಮೆ ಬೈಕ್ ಹೊರತೆಗೆಯುವವನಿಗೆ ಮೂರು ವರ್ಷ ಬರುವ ಟಯರ್ ನಿಮಗೆ ಆರೇಳು ತಿಂಗಳು ಬಂದರೆ ಹೆಚ್ಚು. ಆದ್ದರಿಂದ ಅಂಗಡಿಯವರು ಹೇಳುವ ರೇಟನ್ನು ಕಿಲೋಮೀಟರಿಗೆ ಭಾಗಿಸಿಯೇ ನೋಡಬೇಕು. ಉದಾಹರಣೆಗೆ, 4,500 ರೂ. ಕೊಟ್ಟ ಟಯರ್ 18,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 25 ಪೈಸೆ. 3,000 ರೂ. ಟಯರ್ 10,000ಕ್ಕೇ ಬೋಳಾದರೆ 30 ಪೈಸೆ. ಜತೆಗೆ ಬಿಚ್ಚಿ ಹಾಕುವ ಕೂಲಿ ಎರಡು ಸಲ. ಅತಿ ಮೆದು ರಬ್ಬರಿನ, ‘ರೇಸಿಂಗ್ ಗ್ರಿಪ್’ ಎಂದು ಮಾರುವ ಟಯರ್ ನಿಮಗೆ ಬೇಡ ಅನ್ನುವುದೂ ಇದಕ್ಕೇ. ಕುಂಬಳೆಯಿಂದ ತಲಪಾಡಿವರೆಗೆ ನೆಟ್ಟಗೆ ಓಡುವಾಗ ನಡುಭಾಗ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಅಂಚಿನ ರಬ್ಬರ್ ಹೊಸದಾಗಿಯೇ ಉಳಿಯುತ್ತದೆ. ಆಮೇಲೆ ಬದಿಯಡ್ಕ ಕಡೆಯ ತಿರುವುಗಳಲ್ಲಿ ಬೈಕ್ ಓರೆ ಮಾಡುವಾಗ ಮೆಟ್ಟಿಲಿನಿಂದ ಇಳಿದ ಹಾಗೆ ‘ದಡಕ್’ ಎಂದು ಬೀಳುವ ಅನುಭವ ಆಗುತ್ತದಲ್ಲ, ಅದು ಈ ಚಪ್ಪಟೆತನದ್ದೇ.

ಇನ್ನು ರೇಡಿಯಲ್ ಬಿಡಬಹುದೇ? ನಿಮ್ಮ ಟಯರಿನ ಪಕ್ಕದಲ್ಲಿ 140/70ಆರ್17 66ಎಚ್ ಎಂದು ಬರೆದಿರುತ್ತದೆ. ಆ ‘ಆರ್’ ಅಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಹಾಯುವ ಟಯರ್. 66 ಅಂದರೆ 300 ಕೆ.ಜಿ. ಭಾರ ಹೊರುವ ಶಕ್ತಿ, ಎಚ್ ಅಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗ. ಸಾದಾ ಟಯರ್, ಅಂದರೆ ಬಯಾಸ್, ಅದೇ ಅಳತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ನಿಜ. ಆದರೆ ಅದರೊಳಗಿನ ನೈಲಾನ್ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದುಹೋಗಿರುತ್ತವೆ. ಚಕ್ರ ಸುತ್ತುವಾಗ ಆ ಪದರಗಳು ಒಂದನ್ನೊಂದು ತಿಕ್ಕಿ ಬಿಸಿಯಾಗುತ್ತವೆ. ಪೇಟೆಯೊಳಗೆ ಓಡಾಡುವವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಹೈವೇಯಲ್ಲಿ ಒಂದು ಗಂಟೆ ಒಂದೇ ವೇಗದಲ್ಲಿ ಓಡಿಸುವ ನಿಮಗೆ ಬರುತ್ತದೆ, ರಬ್ಬರ್ ಬೇಗ ಸವೆಯುತ್ತದೆ. ಹಾಗಾಗಿ ನಮ್ಮ ಉತ್ತರ: ರೇಡಿಯಲ್ ಬಿಡಬೇಡಿ, ಬ್ರಾಂಡ್ ಬೇಕಾದರೆ ಬಿಡಿ. ಅಪೋಲೊ ಆಲ್ಫಾ ಎಚ್1, ಸಿಯೆಟ್ ಜೂಮ್ ರಾಡ್ ಎಕ್ಸ್1, ಎಂಆರ್‌ಎಫ್ ರೆವ್ಸ್ ಈ ಸಾಲಿನ ದೇಶೀ ರೇಡಿಯಲ್‌ಗಳು. ಎರಡು ಮೂರು ಅಂಗಡಿಯಲ್ಲಿ ವಿಚಾರಿಸಿದರೆ ಇವುಗಳ ನಡುವೆಯೇ ಉಳಿತಾಯ ಸಿಕ್ಕೀತು. 66 ಮತ್ತು ಎಚ್ ಎರಡಕ್ಕೂ ಕೆಳಗಿಳಿಯಬೇಡಿ. ಎಚ್ ಜಾಗದಲ್ಲಿ ‘ಪಿ’ ಎಂದಿದ್ದರೆ ಅದರ ಮಿತಿ ಗಂಟೆಗೆ 150 ಕಿ.ಮೀ.; ನಿಮ್ಮ ಬೈಕಿಗೆ ಅದು ಅಂಚಿನ ಮಾತಾಯಿತು. ಆರ್‌15ಕ್ಕೆ ಮುಂದೆ ಬಯಾಸ್, ಹಿಂದೆ ರೇಡಿಯಲ್ ಕಂಪೆನಿಯೇ ಕೊಟ್ಟ ಜೋಡಿ. ಅದನ್ನು ತಿರುಗುಮುರುಗು ಮಾಡಿ ಮುಂದೆ ರೇಡಿಯಲ್, ಹಿಂದೆ ಬಯಾಸ್ ಮಾತ್ರ ಎಂದಿಗೂ ಬೇಡ.

150ರ ಮಾತು ಬೇಗ ಮುಗಿಸಬಹುದು. 140 ಮಿ.ಮೀ. ಅಗಲದ 70 ಶೇಕಡಾ ಅಂದರೆ ಟಯರಿನ ಗೋಡೆಯ ಎತ್ತರ 98 ಮಿ.ಮೀ. 150/60ರಲ್ಲಿ ಅದು 90 ಮಿ.ಮೀ. ಅಗಲ ಹೆಚ್ಚಿತು, ಎತ್ತರ ತಗ್ಗಿತು: ಬೈಕಿನ ಹಿಂಭಾಗ 8 ಮಿ.ಮೀ. ಕೆಳಗೆ ಕೂರುತ್ತದೆ, ತಿರುವಿಗೆ ಹಾಕುವಾಗ ಹ್ಯಾಂಡಲ್ ಸೋಮಾರಿಯಾಗುತ್ತದೆ. 140ಕ್ಕೆಂದು ಮಾಡಿದ ರಿಮ್‌ನಲ್ಲಿ ಅಗಲದ ಟಯರನ್ನು ಹಿಂಡಿ ಕೂರಿಸಿದರೆ ಅದರ ನೆತ್ತಿ ಮೊನಚಾಗಿ, ನೇರ ರಸ್ತೆಯಲ್ಲಿ ನೆಲಕ್ಕೆ ತಾಗುವ ರಬ್ಬರ್ ಹೆಚ್ಚುವ ಬದಲು ಕಡಿಮೆಯಾದೀತು. ತೂಕವೂ ಹೆಚ್ಚು, ಮೈಲೇಜೂ ಕಡಿಮೆ. ನಿಲ್ಲಿಸಿದ ಬೈಕನ್ನು ಹಿಂದಿನಿಂದ ನೋಡುವವರಿಗೆ ಚೆಂದ, ಅಷ್ಟೆ.

ನಿಜವಾದ ಉಳಿತಾಯ ಮತ್ತು ನಿಜವಾದ ಮೋಸ ಎರಡೂ ಇರುವುದು ತಾರೀಕಿನಲ್ಲಿ. ಟಯರಿನ ಪಕ್ಕದಲ್ಲಿ ‘ಡಾಟ್’ (DOT) ಎಂದು ಶುರುವಾಗುವ ಸಾಲಿನ ಕೊನೆಗೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2225 ಎಂದಿದ್ದರೆ 2025ರ 22ನೇ ವಾರ, ಅಂದರೆ ಮೇ ಕೊನೆ. ಅನೇಕ ಟಯರ್‌ಗಳಲ್ಲಿ ಇದು ಒಂದೇ ಬದಿಗೆ ಇರುವುದರಿಂದ ತಿರುಗಿಸಿ ನೋಡಿ. ರಿಮ್‌ಗೆ ಹತ್ತಿಸಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಆರು ತಿಂಗಳೊಳಗಿನದ್ದು ಒಳ್ಳೆಯದು, ವರ್ಷ ದಾಟಿದ್ದಾದರೆ ರೇಟು ಇಳಿಸಲು ಕೇಳಿ, ಎರಡು ವರ್ಷದ್ದಾದರೆ ‘ಆಫರ್’ ಎಂದರೂ ಬೇಡ ಅನ್ನಿ. ಬಿಸಿಲಿಗೆ ನೇತುಹಾಕಿದ ರಬ್ಬರ್ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಅದರ ಹಿಡಿತ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಟಯರ್ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಬಿಲ್ ಕೇಳಿ ಪಡೆಯಿರಿ. ವಾರಂಟಿಗೂ ಅದು ಬೇಕು.

ನಮ್ಮ ಊರಿನ ಮಳೆಯ ಲೆಕ್ಕವನ್ನು ಟಯರ್ ಮಾರುವವರು ಹೇಳುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಆಗಸ್ಟ್‌ವರೆಗೆ. ತೋಟದ ನೆರಳಿನ ರಸ್ತೆಯಲ್ಲಿ ಹಾವಸೆ, ಮೇಲೆ ಬಿದ್ದ ಅಡಿಕೆ ಸೋಗೆ, ಗುಡ್ಡೆಯಿಂದ ಇಳಿದ ಕೆಂಪು ಮಣ್ಣಿನ ರಾಡಿ. ದ್ವಿಚಕ್ರಕ್ಕೆ ಕಾನೂನು ಕೇಳುವ ಗ್ರಿಪ್‌ನ ಆಳ 0.8 ಮಿ.ಮೀ. ಮಾತ್ರ, ಗೆರೆಯ ತಳದಲ್ಲಿ ಕಾಣುವ ಸಣ್ಣ ದಿಬ್ಬದ ಮಟ್ಟಕ್ಕೆ ರಬ್ಬರ್ ಬಂದರೆ ಅದು ಮುಗಿದ ಟಯರ್. ಆಟಿ ಮಳೆಗೆ ಅಷ್ಟು ಸಾಲದು. ನೀರನ್ನು ಪಕ್ಕಕ್ಕೆ ದೂಡಲು ಗೆರೆಯಲ್ಲಿ ಜಾಗ ಬೇಕು, ಇಲ್ಲದಿದ್ದರೆ ಚಕ್ರ ನೀರಿನ ಮೇಲೆ ತೇಲುತ್ತದೆ. ಮೇ ತಿಂಗಳಲ್ಲಿ ಆಳ 2 ಮಿ.ಮೀ.ಗೆ ಇಳಿದಿದ್ದರೆ ‘ಇನ್ನೆರಡು ತಿಂಗಳು ಓಡೀತು’ ಎಂದು ಕಾಯದೆ ಆಗಲೇ ಬದಲಿಸಿ. ಹೇಗೂ ಬದಲಿಸಲೇಬೇಕಾದ ಟಯರ್. ಎರಡು ತಿಂಗಳು ಮುಂಚೆ ಹಾಕಿಸಿದರೆ ಆಳದ ಗೆರೆ ಮಳೆಗಾಲಕ್ಕೆ ಸಿಗುತ್ತದೆ, ಸವೆದದ್ದು ಬೇಸಗೆಗೆ ಬೀಳುತ್ತದೆ. ಮುಂದಿನ ಟಯರಿನಲ್ಲಿ ಮಾತ್ರ ಜಿಪುಣತನ ಬೇಡ. ಬ್ರೇಕ್ ಹಿಡಿದಾಗ ಭಾರವೆಲ್ಲ ಅಲ್ಲಿಗೆ ಬರುತ್ತದೆ, ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದ ಮೇಲೆಯೇ ಗೊತ್ತಾಗುವುದು. ಸೆಕೆಂಡ್ ಹ್ಯಾಂಡ್ ಟಯರ್ ಎರಡೂ ಕಡೆಗೆ ಬೇಡ: ಒಳಗಿನ ಪಂಚರ್ ತೇಪೆ ಹೊರಗಿನಿಂದ ಕಾಣುವುದಿಲ್ಲ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಮಷಿನ್ ಇರುವ ಅಂಗಡಿಗೇ ಹೋಗಿ. ಕಬ್ಬಿಣದ ಲಿವರ್‌ನಿಂದ ಮೀಟಿದರೆ ಅಲಾಯ್ ಅಂಚು ಗೀರಿ, ಅಲ್ಲಿಂದ ದಿನವೂ ಸ್ವಲ್ಪ ಸ್ವಲ್ಪ ಗಾಳಿ ಸೋರುವುದು ಶುರುವಾಗಬಹುದು. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಚಕ್ರವಾದರೆ ಡಿಸ್ಕ್ ಪಕ್ಕದ ತೂತುಗಳ ರಿಂಗ್ ಬಗ್ಗದಂತೆ ಡಿಸ್ಕ್ ಬದಿ ಮೇಲ್ಮುಖವಾಗಿರಲಿ. ಟಯರ್ ಮೇಲಿನ ಬಾಣ ಚಕ್ರ ಸುತ್ತುವ ದಿಕ್ಕಿಗೇ ಇರಬೇಕು. ರಬ್ಬರ್ ವಾಲ್ವ್ ಹೊಸದು ಹಾಕಿಸಿ, ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ಗಾಳಿ ತುಂಬಿದಾಗ ‘ಟಪ್, ಟಪ್’ ಎಂದು ಎರಡು ಸದ್ದು ಬರುತ್ತದೆ: ಎರಡೂ ಅಂಚು ರಿಮ್‌ಗೆ ಕೂತವು ಎಂದರ್ಥ. ರಿಮ್ ಪಕ್ಕದ ಸಣ್ಣ ಗೆರೆ ಸುತ್ತಲೂ ಒಂದೇ ದೂರದಲ್ಲಿದೆಯೇ ನೋಡಿ. ಒಂದು ಕಡೆ ಒಳಗೆ ಹೋಗಿದ್ದರೆ ಗಾಳಿ ಬಿಟ್ಟು ಸಾಬೂನು ನೀರು ಸವರಿ ಮತ್ತೆ ಕೂರಿಸಬೇಕು, ಗಾಳಿ ಹೆಚ್ಚಿಸುತ್ತ ಹೋಗಬಾರದು. ಆಕ್ಸಲ್ ಎಳೆಯುವಾಗ ಎರಡು ಬದಿಯ ಬುಷ್‌ಗಳು ಉದುರುತ್ತವೆ, ಅವು ಅದಲುಬದಲಾಗದಂತೆ ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಚೈನ್ ಬಿಗಿ ಮಾಡಿದ ಮೇಲೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಎರಡೂ ಬದಿಯ ಗುರುತು ಒಂದೇ ಅಂಕೆಯಲ್ಲಿರಲಿ. ಒಂದು ಗೀಟು ವ್ಯತ್ಯಾಸವಾದರೂ ಹೊಸ ಟಯರ್ ಒಂದೇ ಕಡೆ ಸವೆಯುತ್ತದೆ.

ಹೊಸ ರಬ್ಬರಿನ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ. ಮೊದಲ 150–200 ಕಿ.ಮೀ., ಅಂದರೆ ನಿಮ್ಮ ಎರಡು ದಿನದ ಓಡಾಟ, ತಿರುವಿನಲ್ಲಿ ಹೆಚ್ಚು ಮಲಗಿಸಬೇಡಿ. ಗಾಳಿಯನ್ನು ವಾರಕ್ಕೊಮ್ಮೆ ಬೆಳಗ್ಗೆ, ಬೈಕ್ ಹೊರಡುವ ಮೊದಲು ಸ್ವಂತ ಗೇಜಿನಲ್ಲಿ ನೋಡಿ. ಕುಂಬಳೆ ಬಂಕಿಗೆ ತಲುಪುವಾಗಲೇ ಟಯರ್ ಬಿಸಿಯಾಗಿ ಅಂಕೆ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗಿರುತ್ತದೆ.